ಕಾರ್ಟ್‌ಮೆಲ್ ಕುದುರೆ ರೇಸ್‌ಗೆ ಮೊದಲ ಸಲ ಹೋಗುತ್ತಿದ್ದೇವೆ, ಏನೇನು ಗೊತ್ತಿರಬೇಕು?

ತುಮಕೂರಿನವಳು

ಎಲ್ಲರಿಗೂ ನಮಸ್ಕಾರ. ನಾವು ಪ್ರೆಸ್ಟನ್‌ನಲ್ಲಿದ್ದೇವೆ. ಅಪ್ಪ ಅಮ್ಮ ತುಮಕೂರಿನಿಂದ ಬಂದಿದ್ದಾರೆ, ಸೆಪ್ಟೆಂಬರ್‌ವರೆಗೆ ಇರುತ್ತಾರೆ. ಬ್ಲ್ಯಾಕ್‌ಪೂಲ್ ಆಯಿತು, ವಿಂಡರ್‌ಮಿಯರ್ ದೋಣಿ ಆಯಿತು, ಮಾಲ್ ಸುತ್ತಿದ್ದೂ ಆಯಿತು. ಅಪ್ಪನಿಗೆ ಯಾವುದೂ ಅಷ್ಟು ಹಿಡಿಸಲಿಲ್ಲ. ಹೊಲ, ಎತ್ತು ಅಂತ ಬದುಕಿದವರು, ಇಲ್ಲಿ ರಸ್ತೆ ಪಕ್ಕ ಎಲ್ಲಾದರೂ ಕುದುರೆ ಕಂಡರೆ ಮಾತ್ರ ಕಾರ್ ನಿಲ್ಲಿಸು ಅನ್ನುತ್ತಾರೆ.

ಆಫೀಸಿನಲ್ಲಿ ಒಬ್ಬರು ಕಾರ್ಟ್‌ಮೆಲ್‌ಗೆ ಕರ್ಕೊಂಡು ಹೋಗು ಅಂದರು. ಕುದುರೆಗಳು ಬೇಲಿ ಹಾರುವ ರೇಸ್ ಅಂತೆ, ಆಗಸ್ಟ್ ಕೊನೆಯ ರಜೆ ವಾರದಲ್ಲಿ ಇದೆಯಂತೆ. ನನಗೆ ರೇಸ್ ಬಗ್ಗೆ ಏನೂ ಗೊತ್ತಿಲ್ಲ. ಮಗಳಿಗೆ ಆರು ವರ್ಷ. ಅಮ್ಮನಿಗೆ ಮಂಡಿ ನೋವು. ಮನೆಯಲ್ಲಿ ಯಾರೂ ಜೂಜು ಆಡಿದವರಲ್ಲ, ರೇಸ್ ಅಂದ ಕೂಡಲೇ ಅಮ್ಮ ಮುಖ ಸಿಂಡರಿಸಿದರು. ಹೋಗಬಹುದಾ? ಎಲ್ಲಿ ನಿಲ್ಲಬೇಕು, ಏನು ತಗೊಂಡು ಹೋಗಬೇಕು, ಹೋಗಿ ಬಂದವರು ದಯವಿಟ್ಟು ಹೇಳಿ.

ಲ್ಯಾಂಕಾಸ್ಟರ್ ಮಾವ

ಖಂಡಿತ ಹೋಗಿ. ನಾನು ಹದಿನಾಲ್ಕು ವರ್ಷದಿಂದ ವರ್ಷಕ್ಕೆ ಒಂದು ಸಲವಾದರೂ ಹೋಗುತ್ತಿದ್ದೇನೆ. ನಿಮ್ಮ ತಂದೆಯವರಂಥ ಮನಸ್ಸಿನವರಿಗೆ ಇದಕ್ಕಿಂತ ಒಳ್ಳೆ ಜಾಗ ಈ ಕಡೆ ಇಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಮಾಧಾನವಾಗಿ ಓದಿ.

ಮೊದಲು ಊರಿನ ಬಗ್ಗೆ. ಕಾರ್ಟ್‌ಮೆಲ್ ಒಂದು ಪುಟ್ಟ ಹಳ್ಳಿ. ಈಗ ಕಂಬ್ರಿಯಾದಲ್ಲಿದೆ, 1974ರವರೆಗೆ ಲ್ಯಾಂಕಾಶೈರ್‌ಗೆ ಸೇರಿತ್ತು. ಮಧ್ಯೆ ಮೋರ್‌ಕಾಂಬ್ ಕೊಲ್ಲಿ ಇರುವುದರಿಂದ ಹಳಬರು ಆ ಭಾಗವನ್ನು ಮರಳಿನಾಚೆಯ ಲ್ಯಾಂಕಾಶೈರ್ ಅಂತಲೇ ಕರೆಯುತ್ತಿದ್ದರು. ಹಳ್ಳಿಯ ಚೌಕದಿಂದ ನಾಲ್ಕು ಹೆಜ್ಜೆ ಹಿಂದಕ್ಕೆ ಹೋದರೆ ರೇಸ್‌ಕೋರ್ಸೇ ಸಿಗುತ್ತದೆ. ಇಲ್ಲಿ 1856ರಿಂದ ರೇಸ್ ನಡೆದ ದಾಖಲೆ ಇದೆ. ವರ್ಷಕ್ಕೆ ಹತ್ತು ದಿನವೂ ರೇಸ್ ಇರುವುದಿಲ್ಲ, ಮೇ ಕೊನೆಯಿಂದ ಆಗಸ್ಟ್ ಕೊನೆಯೊಳಗೆ ಎಲ್ಲ ಮುಗಿಯುತ್ತದೆ. ಅದಕ್ಕೇ ಆ ಒಂದೊಂದು ದಿನವೂ ಊರ ಜಾತ್ರೆಯಂತೆ ಇರುತ್ತದೆ. ಜಾತ್ರೆ ಅಂದದ್ದು ಸುಮ್ನೆ ಅಲ್ಲ, ಟ್ರ್ಯಾಕಿನ ಒಳಗಡೆ ಮೈದಾನದಲ್ಲಿ ನಿಜವಾಗಿಯೂ ತೊಟ್ಟಿಲು, ತಿರುಗುವ ಆಟ, ಅಂಗಡಿ ಸಾಲು ಎಲ್ಲ ಹಾಕುತ್ತಾರೆ. ಮಗಳಿಗೆ ಅಷ್ಟು ಸಾಕು.

ಈಗ ಟ್ರ್ಯಾಕ್. ಒಂದು ಸುತ್ತು ಸುಮಾರು ಒಂದು ಮೈಲಿ ಒಂದು ಫರ್ಲಾಂಗ್ ಅಷ್ಟೇ. ಬಹಳ ಚಿಕ್ಕದು. ಎಡಕ್ಕೆ ತಿರುಗುತ್ತಾ ಓಡುತ್ತವೆ, ಏರು ಇಳಿವು ಇದೆ, ತಿರುವುಗಳು ಬಿಗಿ. ದೂರದ ತುದಿಯಲ್ಲಿ ಕುದುರೆಗಳು ಮರಗಳ ಹಿಂದೆ ಹೋಗಿ ಒಂದಷ್ಟು ಹೊತ್ತು ಕಾಣುವುದೇ ಇಲ್ಲ. ಆಮೇಲೆ ಮೊದಲು ಸದ್ದು ಬರುತ್ತದೆ, ಕುದುರೆ ಕಾಣುವುದು ಆಮೇಲೆ. ಎಷ್ಟು ವರ್ಷ ನೋಡಿದರೂ ಆ ಸದ್ದಿಗೆ ನನ್ನ ಮೈ ಜುಮ್ ಅನ್ನುತ್ತದೆ.

ಮುಖ್ಯವಾದ ಮಾತು ಇದು. ಹೆಚ್ಚಿನವರು ಹೋದ ತಕ್ಷಣ ಗೆಲುವಿನ ಗೆರೆಯ ಹತ್ತಿರ ಜಾಗ ಹಿಡಿದು ಸಂಜೆವರೆಗೂ ಅಲ್ಲೇ ಇರುತ್ತಾರೆ. ನೀವು ಹಾಗೆ ಮಾಡಬೇಡಿ. ನಡೆದು ಹೋಗಿ ಒಂದು ಬೇಲಿಯ ಪಕ್ಕ ನಿಲ್ಲಿ. ದೊಡ್ಡ ಕೋರ್ಸ್‌ಗಳಲ್ಲಿ ಕುದುರೆ ದೂರದ ಚುಕ್ಕೆ, ಜನ ದೊಡ್ಡ ಪರದೆ ನೋಡಿಕೊಂಡು ಕೂಗುತ್ತಾರೆ. ಕಾರ್ಟ್‌ಮೆಲ್‌ನಲ್ಲಿ ಕಂಬಿಗೆ ಒರಗಿ ನಿಂತರೆ ಕುದುರೆ ಉಸಿರು ಬಿಡುವುದು, ಬೇಲಿಯ ಬರ್ಚ್ ಮರದ ಕಡ್ಡಿಗೆ ಅದರ ಹೊಟ್ಟೆ ಸವರುವ ಸದ್ದು, ಜಾಕಿಗಳು ಒಬ್ಬರಿಗೊಬ್ಬರು ಕೂಗುವುದು, ಎಲ್ಲ ಕೇಳುತ್ತದೆ. ಚಿಕ್ಕ ಕೋರ್ಸ್‌ಗೆ ಹೋಗಿ ಇಷ್ಟನ್ನು ಬಿಟ್ಟು ಬಂದರೆ ಏನು ಲಾಭ ಹೇಳಿ.

ಮೂರು ಮೈಲಿ ಚಿಲ್ಲರೆಯ ರೇಸ್ ಆದರೆ ಅದೇ ಬೇಲಿಯ ಮುಂದೆ ಎರಡು ಮೂರು ಸಲ ಹಾದು ಹೋಗುತ್ತವೆ. ಮೊದಲ ಸಲ ಎಲ್ಲ ಒಟ್ಟಾಗಿ, ಗುಡುಗಿನ ಹಾಗೆ. ಕೊನೆಯ ಸಲ ಚದುರಿ, ಸುಸ್ತಾಗಿ, ಕೆಲವು ಕುದುರೆ ಬೇಲಿಯನ್ನು ಸರಿಯಾಗಿ ಎತ್ತಿ ಹಾರಲೂ ಆಗದೆ ಹೇಗೋ ದಾಟುತ್ತವೆ. ಆ ವ್ಯತ್ಯಾಸವನ್ನು ನಿಮ್ಮ ತಂದೆಯವರು ನಮಗಿಂತ ಬೇಗ ಹಿಡಿಯುತ್ತಾರೆ ನೋಡಿ.

ಬಸವನಗುಡಿ ಹುಡುಗ

ಮಾವ ಹೇಳಿದ್ದು ಮುಕ್ಕಾಲು ಪಾಲು ಸರಿ. ಆದರೆ ಗೆರೆಯ ಹತ್ತಿರ ನಿಲ್ಲಲೇಬೇಡಿ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಕಾರ್ಟ್‌ಮೆಲ್‌ಗೆ ಹೆಸರು ಬಂದಿರುವುದೇ ಅದರ ಕೊನೆಯ ಓಟದಿಂದ. ಕೊನೆಯ ಬೇಲಿ ಹಾರಿದ ಮೇಲೆ ಗೆರೆ ಮುಟ್ಟಲು ಇನ್ನೂ ಹತ್ತಿರ ಹತ್ತಿರ ನಾಲ್ಕು ಫರ್ಲಾಂಗ್ ಇದೆ. ಅರ್ಧ ಮೈಲಿ! ಬ್ರಿಟನ್‌ನಲ್ಲಿ ಇಷ್ಟು ಉದ್ದದ ಕೊನೆಯ ಓಟ ಬೇರೆಲ್ಲೂ ಇಲ್ಲ. ಗ್ರಾಂಡ್ ನ್ಯಾಷನಲ್ ಅನ್ನುವ ಹೆಸರಾಂತ ಬೇಲಿ ರೇಸ್ ನಡೆಯುವ ಏಂಟ್ರಿ ಕೋರ್ಸ್‌ನಲ್ಲಿ ಅದು 494 ಗಜ, ಅದನ್ನೇ ಜನ ಅಬ್ಬಾ ಎಷ್ಟು ಉದ್ದ ಅನ್ನುತ್ತಾರೆ. ಇಲ್ಲಿ ಸುಮಾರು ಅದರ ಎರಡರಷ್ಟು. ಹೊರಗಿನ ಸುತ್ತನ್ನು ಬಿಟ್ಟು ಮೈದಾನದ ನಡುವೆ ಸೀಳಿಕೊಂಡು ಹೋಗುವ ಒಂದು ದಾರಿಯಲ್ಲಿ, ಎರಡೂ ಕಡೆ ಜನರ ನಡುವೆ ಓಡಿ ಬರುತ್ತವೆ. ಕೊನೆಯ ಬೇಲಿಯಲ್ಲಿ ಮುಂದಿದ್ದ ಕುದುರೆ ಸೋಲುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಜಾಕಿ ಆತುರ ಬಿದ್ದು ಬೇಗ ಬಿಟ್ಟುಬಿಟ್ಟರೆ ಆ ಅರ್ಧ ಮೈಲಿ ಕುದುರೆಯನ್ನು ತಿಂದುಹಾಕುತ್ತದೆ.

ನಾನು ಚಿಕ್ಕಂದಿನಲ್ಲಿ ಅಪ್ಪನ ಜೊತೆ ಬೆಂಗಳೂರಿನ ರೇಸ್‌ಕೋರ್ಸ್‌ಗೆ ಹೋಗುತ್ತಿದ್ದೆ. ಅಲ್ಲಿ, ಮೈಸೂರಿನಲ್ಲಿ ನಡೆಯುವುದು ಬೇಲಿ ಇಲ್ಲದ ಫ್ಲಾಟ್ ರೇಸ್. ಒಂದೂವರೆ ಎರಡು ನಿಮಿಷದಲ್ಲಿ ಮುಗಿಯುತ್ತದೆ, ಎಲ್ಲ ವೇಗದ ಲೆಕ್ಕ. ಇಲ್ಲಿ ಉದ್ದದ ರೇಸ್ ಆರು ನಿಮಿಷ ದಾಟುತ್ತದೆ. ಕುದುರೆಯೂ ಬೇರೆ ಥರ, ವಯಸ್ಸು ಜಾಸ್ತಿ, ಹತ್ತು ಹನ್ನೊಂದು ವರ್ಷದ ಕುದುರೆ ಕೂಡ ಓಡುತ್ತದೆ. ಹೋದ ವರ್ಷ ಇದ್ದ ಕುದುರೆ ಈ ವರ್ಷವೂ ಬರುತ್ತದೆ, ಹೆಸರು ಹಿಡಿದು ಕೂಗುವ ಜನ ಇರುತ್ತಾರೆ. ಫ್ಲಾಟ್ ರೇಸ್‌ನಲ್ಲಿ ಈ ನಂಟು ಕಡಿಮೆ.

ಲ್ಯಾಂಕಾಸ್ಟರ್ ಮಾವ

ಒಪ್ಪಿದೆ. ಹಾಗಾದರೆ ಒಂದು ರೇಸ್‌ಗೆ ಒಂದು ಜಾಗ ಅಂತ ಇಟ್ಟುಕೊಳ್ಳಿ. ದಿನಕ್ಕೆ ಆರೋ ಏಳೋ ರೇಸ್ ಇರುತ್ತವೆ, ಒಂದೊಂದಕ್ಕೂ ಅರ್ಧ ಗಂಟೆ ಅಂತರ. ಮೊದಲನೆಯದಕ್ಕೆ ಪರೇಡ್ ರಿಂಗ್ ಹತ್ತಿರ ನಿಂತು ಕುದುರೆಗಳನ್ನು ನಡೆಸುವುದು, ಜಾಕಿ ಹತ್ತುವುದು ನೋಡಿ. ಎರಡನೆಯದಕ್ಕೆ ಬೇಲಿ. ಮೂರನೆಯದಕ್ಕೆ ಗೆರೆ. ಆಮೇಲೆ ನಿಮ್ಮ ತಂದೆಯವರು ಎಲ್ಲಿಗೆ ಅನ್ನುತ್ತಾರೋ ಅಲ್ಲಿಗೆ.

ಒಂದು ಎಚ್ಚರಿಕೆ. ಮೈದಾನದ ಒಳಗೆ ಹೋಗಲು ಟ್ರ್ಯಾಕ್ ದಾಟಬೇಕು. ರೇಸ್ ಶುರುವಾಗುವ ಮೊದಲು ಅಲ್ಲಿ ಹಗ್ಗ ಕಟ್ಟಿ ದಾರಿ ಮುಚ್ಚುತ್ತಾರೆ. ಮಗುವನ್ನು ಒಬ್ಬರು ಆ ಕಡೆ, ಇನ್ನೊಬ್ಬರು ಈ ಕಡೆ ಬಿಟ್ಟುಕೊಂಡು ಸಿಕ್ಕಿಹಾಕಿಕೊಳ್ಳಬೇಡಿ. ನಮಗೆ ಒಂದು ಸಲ ಹಾಗೆ ಆಗಿ ನನ್ನ ಹೆಂಡತಿ ಕಾಲು ಗಂಟೆ ಗಾಬರಿಯಲ್ಲಿ ನಿಂತಿದ್ದಳು. ಜನ ಜಾಸ್ತಿ ಇದ್ದಾಗ ಫೋನೂ ಸರಿಯಾಗಿ ಸಿಗುವುದಿಲ್ಲ. ತೊಟ್ಟಿಲ ಹತ್ತಿರ ಸೇರೋಣ ಅಂತ ಮೊದಲೇ ಮಾತಾಡಿಕೊಳ್ಳಿ.

ತುಮಕೂರಿನವಳು

ಎಷ್ಟು ಚೆನ್ನಾಗಿ ಬರೆದಿದ್ದೀರಿ ಇಬ್ಬರೂ! ಅಪ್ಪನಿಗೆ ಓದಿ ಹೇಳಿದೆ. ಬೇಲಿ ಎಷ್ಟು ಎತ್ತರ ಅಂತ ಕೇಳುತ್ತಿದ್ದಾರೆ. ಮತ್ತೆ ಚೇಸ್, ಹರ್ಡಲ್ ಅಂತ ಎರಡು ಬರೆದಿರುತ್ತದಲ್ಲ, ಏನು ವ್ಯತ್ಯಾಸ?

ಬಸವನಗುಡಿ ಹುಡುಗ

ಚೇಸ್ ಬೇಲಿ ಕಡಿಮೆ ಅಂದರೂ ನಾಲ್ಕೂವರೆ ಅಡಿ. ಬರ್ಚ್ ಕಡ್ಡಿಗಳನ್ನು ಒತ್ತಾಗಿ ಕಟ್ಟಿ ನಿಲ್ಲಿಸಿರುತ್ತಾರೆ, ಮೇಲ್ಭಾಗ ಸವರಿದರೆ ಬಾಗುತ್ತದೆ, ಕೆಳಗೆ ಗಟ್ಟಿ. ಕುದುರೆ ಎತ್ತಿ ಹಾರಲೇಬೇಕು. ಕಾರ್ಟ್‌ಮೆಲ್‌ನಲ್ಲಿ ಸುತ್ತಿಗೆ ಆರು ಬೇಲಿ. ಹರ್ಡಲ್ ಮೂರೂವರೆ ಅಡಿಯ ಹಗುರ ಚೌಕಟ್ಟು, ಕಾಲು ತಗುಲಿದರೆ ಬಾಗುತ್ತದೆ, ಅದರಿಂದ ವೇಗ ಜಾಸ್ತಿ. ಹೊಸ ಕುದುರೆಗಳು ಸಾಮಾನ್ಯವಾಗಿ ಹರ್ಡಲ್‌ನಲ್ಲಿ ಕಲಿತು ಆಮೇಲೆ ಚೇಸ್‌ಗೆ ಬರುತ್ತವೆ.

ಸ್ಟೀಪಲ್‌ಚೇಸ್ ಅನ್ನುವ ಹೆಸರಿನ ಕಥೆ ಅಪ್ಪನಿಗೆ ಹೇಳಿ. 1752ರಲ್ಲಿ ಐರ್ಲೆಂಡಿನ ಕಾರ್ಕ್ ಸೀಮೆಯಲ್ಲಿ ಇಬ್ಬರು ಪಂದ್ಯ ಕಟ್ಟಿ, ಬಟವಂಟ್ ಊರಿನ ಚರ್ಚ್‌ನಿಂದ ಡೋನರೇಲ್ ಊರಿನ ಚರ್ಚ್‌ವರೆಗೆ ಸುಮಾರು ನಾಲ್ಕೂವರೆ ಮೈಲಿ, ಅಡ್ಡ ಬಂದ ಬೇಲಿ, ಗೋಡೆ, ಹಳ್ಳ ಎಲ್ಲ ಹಾರಿಕೊಂಡು ಹೋದರು. ದೂರದಿಂದ ಕಾಣುವ ಗುರುತು ಅಂದರೆ ಚರ್ಚಿನ ಗೋಪುರದ ತುದಿ, ಅದೇ ಸ್ಟೀಪಲ್. ಅಲ್ಲಿಂದ ಬಂದ ಹೆಸರು.

ಮಂಡ್ಯದ ಗೌರಮ್ಮನ ಮೊಮ್ಮಗಳು

ನಾನು ಎರಡು ಸಲ ಹೋಗಿದ್ದೇನೆ, ಊಟ ಬಟ್ಟೆ ಬಗ್ಗೆ ನಾನು ಹೇಳುತ್ತೇನೆ, ಈ ಗಂಡಸರು ಅದನ್ನು ಬರೆಯುವುದೇ ಇಲ್ಲ.

ಮನೆಯಿಂದಲೇ ಬುತ್ತಿ ಕಟ್ಟಿಕೊಂಡು ಹೋಗಿ. ಟ್ರ್ಯಾಕಿನ ಒಳಗೆ ಹುಲ್ಲಿನ ಮೇಲೆ ಜನ ಮೇಜು ಕುರ್ಚಿ ಹಾಕಿಕೊಂಡು, ಒಲೆ ಹಚ್ಚಿ ಮಾಂಸ ಸುಟ್ಟುಕೊಂಡು ಕೂತಿರುತ್ತಾರೆ. ಕುಟುಂಬ ಕುಟುಂಬವೇ ಬಂದಿರುತ್ತದೆ. ನಾವು ಪುಳಿಯೋಗರೆ, ಮೊಸರನ್ನ, ಕೋಡುಬಳೆ ತಗೊಂಡು ಹೋಗಿದ್ದೆವು. ಪಕ್ಕದ ಜಮಖಾನದ ಅಜ್ಜಿ ಕೋಡುಬಳೆ ತಿಂದು ಅವರ ಕೇಕ್ ಕೊಟ್ಟರು, ಆಮೇಲೆ ಸಂಜೆವರೆಗೂ ನಮಗೆ ಕುದುರೆಗಳ ಹೆಸರು ಹೇಳಿಕೊಟ್ಟವರೇ ಅವರು. ಒಳಗಡೆ ಸಸ್ಯಾಹಾರಿಗಳಿಗೆ ಚಿಪ್ಸ್ ಬಿಟ್ಟರೆ ನನಗೆ ಜಾಸ್ತಿ ಏನೂ ಸಿಗಲಿಲ್ಲ.

ಅಮ್ಮನಿಗೆ ಮಡಚುವ ಕುರ್ಚಿ ಒಂದು ಮರೆಯಬೇಡಿ. ನೆಲ ಸಮ ಇಲ್ಲ. ಸೀರೆ ಉಡುವುದಾದರೆ ಉಡಲಿ, ಯಾರೂ ಏನೂ ಅನ್ನುವುದಿಲ್ಲ, ನಮ್ಮತ್ತೆ ಉಟ್ಟಿದ್ದರು. ಕಾಲಿಗೆ ಮಾತ್ರ ಗಟ್ಟಿ ಶೂ ಇರಲಿ. ಆಗಸ್ಟ್ ಅಂತ ನಂಬಿಕೊಂಡು ಸ್ವೆಟರ್ ಬಿಟ್ಟು ಹೋಗಬೇಡಿ, ಕೊಲ್ಲಿ ಕಡೆಯಿಂದ ಗಾಳಿ ಬರುತ್ತದೆ, ಮಳೆ ಯಾವಾಗ ಬೇಕಾದರೂ ಬರುತ್ತದೆ.

ಮತ್ತೆ ಆ ಊರಿನ ಸ್ಟಿಕ್ಕಿ ಟಾಫಿ ಪುಡ್ಡಿಂಗ್ ತಿನ್ನದೆ ಬರಬೇಡಿ. ಖರ್ಜೂರ ಹಾಕಿ ಮಾಡುವ ಮೆತ್ತನೆ ಕೇಕ್, ಮೇಲೆ ಬಿಸಿ ಬಿಸಿ ಟಾಫಿ ಪಾಕ. ಚೌಕದಲ್ಲಿ ಅದಕ್ಕೇ ಹೆಸರಾದ ಅಂಗಡಿ ಇದೆ. ಮೊಟ್ಟೆ ಇರುತ್ತದೆ, ಅಮ್ಮ ತಿನ್ನದಿದ್ದರೆ ಮೊದಲೇ ಹೇಳಿಬಿಡಿ.

ಹಸಿರು ಬಾಗಿಲು

ಎಲ್ಲರೂ ಇಷ್ಟು ಖುಷಿಯಾಗಿ ಬರೆಯುತ್ತಿದ್ದೀರಿ, ನಡುವೆ ಬಂದು ಹೇಳುವುದಕ್ಕೆ ಬೇಜಾರು. ಆದರೂ ಹೇಳಬೇಕು. ಬೇಲಿ ಹಾರುವ ರೇಸ್‌ನಲ್ಲಿ ಕುದುರೆಗಳು ಬೀಳುತ್ತವೆ, ಸಾಯುತ್ತವೆ. ಆರು ವರ್ಷದ ಮಗುವನ್ನು ಬೇಲಿಯ ಪಕ್ಕ ನಿಲ್ಲಿಸಿ ಅಂತ ಹೇಳುವಾಗ ಇದನ್ನೂ ಹೇಳಬೇಕಲ್ವಾ? ನಾನು ಒಂದೇ ಒಂದು ಸಲ, ಬೇರೆ ಕೋರ್ಸ್‌ಗೆ ಹೋಗಿದ್ದೆ. ಕಣ್ಣೆದುರು ಒಂದು ಕುದುರೆ ಬಿತ್ತು, ಏಳಲಿಲ್ಲ. ಹಸಿರು ಪರದೆ ಹಿಡಿದರು. ಆಮೇಲೆ ಮುಂದಿನ ರೇಸ್ ಶುರುವಾಯಿತು. ಜನ ಮತ್ತೆ ಕೂಗಿದರು. ನನಗೆ ಅದು ಇವತ್ತಿಗೂ ಮರೆಯಲು ಆಗಿಲ್ಲ. ಮತ್ತೆ ಹೋಗಲಿಲ್ಲ.

ಲ್ಯಾಂಕಾಸ್ಟರ್ ಮಾವ

ನೀವು ಹೇಳಿದ್ದು ಒಳ್ಳೆಯದಾಯಿತು. ನಾನೇ ಮೊದಲು ಹೇಳಬೇಕಿತ್ತು.

ಇದನ್ನು ಮುಚ್ಚಿಡುವುದಿಲ್ಲ. ಬ್ರಿಟನ್ನಿನಲ್ಲಿ ಬೇಲಿ ರೇಸ್‌ಗಳಲ್ಲಿ ಸಾವಿರ ಸಲ ಒಂದೊಂದು ಕುದುರೆ ಓಡಿದರೆ ಅದರಲ್ಲಿ ಸುಮಾರು ನಾಲ್ಕು ಸಾಯುತ್ತವೆ. ಫ್ಲಾಟ್ ರೇಸ್‌ಗಿಂತ ಇದು ಜಾಸ್ತಿ. ಹೇಗೆ ತಿರುಗಿಸಿ ನೋಡಿದರೂ ಅದು ಸಣ್ಣ ಮಾತಲ್ಲ. ನಾನು ಹದಿನಾಲ್ಕು ವರ್ಷದಲ್ಲಿ ಎರಡು ಸಲ ನೋಡಿದ್ದೇನೆ. ಎರಡು ಸಲವೂ ಉಳಿದ ರೇಸ್ ನೋಡದೆ ಮನೆಗೆ ಬಂದೆ.

ಬದಲಾವಣೆಯೂ ಆಗುತ್ತಿದೆ, ಅದನ್ನೂ ಹೇಳಬೇಕು. ಮೊದಲು ಬೇಲಿಯ ಅಂಚಿಗೆ, ಹರ್ಡಲ್‌ಗೆ ಕಿತ್ತಳೆ ಬಣ್ಣ ಇರುತ್ತಿತ್ತು. ನಮ್ಮ ಕಣ್ಣಿಗೆ ಅದು ಎದ್ದು ಕಾಣುತ್ತದೆ, ಕುದುರೆಯ ಕಣ್ಣಿಗೆ ಕಿತ್ತಳೆಗೂ ಹುಲ್ಲಿನ ಹಸಿರಿಗೂ ಅಷ್ಟು ವ್ಯತ್ಯಾಸವೇ ಇಲ್ಲ. ಎಕ್ಸೆಟರ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷೆ ಮಾಡಿ ತೋರಿಸಿದ ಮೇಲೆ ಈಗ ಬಿಳಿ ಮಾಡಿದ್ದಾರೆ. ಚಾಟಿಗೂ ಮಿತಿ ಇದೆ. 2023ರಿಂದ ಬೇಲಿ ರೇಸ್‌ನಲ್ಲಿ ಏಳು ಸಲಕ್ಕಿಂತ ಹೆಚ್ಚು ಬೀಸಿದರೆ ಜಾಕಿಗೆ ಶಿಕ್ಷೆ, ತೀರಾ ಮೀರಿದರೆ ಕುದುರೆಯ ಗೆಲುವೂ ಹೋಗುತ್ತದೆ. ಕುದುರೆ ಬಿದ್ದು ಇನ್ನೂ ಅಲ್ಲೇ ಇದ್ದರೆ ಮುಂದಿನ ಸುತ್ತಿನಲ್ಲಿ ಆ ಬೇಲಿಯನ್ನು ಬಿಟ್ಟು ಪಕ್ಕದಿಂದ ಓಡಿಸುತ್ತಾರೆ. ಬಿದ್ದವುಗಳಲ್ಲಿ ಹೆಚ್ಚಿನವು ಎದ್ದು, ಮೇಲೆ ಜಾಕಿ ಇಲ್ಲದೆ ಉಳಿದವುಗಳ ಜೊತೆಯೇ ಓಡುತ್ತವೆ, ಅದನ್ನು ಮಗಳು ನೋಡಬಹುದು.

ಆದರೂ ಹೋಗಬೇಕೋ ಬೇಡವೋ ಅನ್ನುವುದು ನೀವೇ ಯೋಚಿಸಬೇಕಾದ ವಿಷಯ, ತುಮಕೂರಿನವರೇ. ಮಗಳಿಗೆ ಹೊರಡುವ ಮೊದಲು ಕುದುರೆ ಬೀಳಬಹುದು ಅಂತ ಹೇಳಿಡಿ. ಬೇಲಿಯ ಪಕ್ಕ ತಂದೆಯವರು ನಿಲ್ಲಲಿ, ಮಗಳು ಅಮ್ಮನ ಜೊತೆ ತೊಟ್ಟಿಲ ಕಡೆ ಇರಲಿ, ಹಾಗೂ ಮಾಡಬಹುದು.

ಹಸಿರು ಬಾಗಿಲು

ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್ ಮಾವ. ನನ್ನ ಅಭಿಪ್ರಾಯ ಬದಲಾಗಿಲ್ಲ, ಆದರೆ ಬಣ್ಣದ ವಿಷಯ ಗೊತ್ತಿರಲಿಲ್ಲ. ಹೋಗುವವರು ಕುದುರೆಯನ್ನೂ ನೋಡಿ, ಬರೀ ನಂಬರ್ ನೋಡಬೇಡಿ. ಅಷ್ಟೇ ನನ್ನ ಮಾತು.

ತುಮಕೂರಿನವಳು

ಇಬ್ಬರ ಮಾತನ್ನೂ ಮನೆಯಲ್ಲಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಉಳುವ ಎತ್ತಿಗೂ ಕಾಲು ಮುರಿಯುತ್ತದೆ, ಸಾಕುವವನು ಹೇಗೆ ನೋಡಿಕೊಳ್ಳುತ್ತಾನೆ ಅಂತ ನೋಡಬೇಕು, ಹೋಗೋಣ ಅಂದರು. ಟಿಕೆಟ್ ತಗೊಂಡೆ, ಸೋಮವಾರದ್ದು.

ಇನ್ನೆರಡು ಪ್ರಶ್ನೆ. ಕಾರಾ, ರೈಲಾ? ಮತ್ತೆ ಅಪ್ಪ ಒಂದೇ ಒಂದು ಸಲ ಐದು ಪೌಂಡ್ ಕಟ್ಟುತ್ತೇನೆ ಅನ್ನುತ್ತಿದ್ದಾರೆ, ಅಮ್ಮನಿಗೆ ಗೊತ್ತಿಲ್ಲ. ಹೇಗೆ ಕಟ್ಟುವುದು?

ಕೆಂಡಲ್ ಕಡೆಯವನು

ದಾರಿ ನಾನು ಹೇಳುತ್ತೇನೆ, ನನ್ನ ಕೆಲಸವೇ ಈ ರಸ್ತೆಗಳಲ್ಲಿ.

ಕಾರಿನಲ್ಲಾದರೆ ಎಂ6 ಹೆದ್ದಾರಿಯಲ್ಲಿ ಜಂಕ್ಷನ್ 36ಕ್ಕೆ ಇಳಿದು ಎ590 ರಸ್ತೆ ಹಿಡಿಯಿರಿ. ಅಲ್ಲಿವರೆಗೆ ಸಲೀಸು. ಕೊನೆಯ ಕೆಲವು ಮೈಲಿ ಕಲ್ಲುಗೋಡೆಗಳ ನಡುವಿನ ಹಳ್ಳಿ ದಾರಿ, ಎದುರಿಗೆ ಟ್ರ್ಯಾಕ್ಟರ್ ಬಂದರೆ ಹಿಂದಕ್ಕೆ ಹೋಗಬೇಕು. ರಜೆಯ ಸೋಮವಾರ ಸಾವಿರಗಟ್ಟಲೆ ಜನ ಅದೇ ದಾರಿಯಲ್ಲಿ ಬರುತ್ತಾರೆ. ಮೊದಲ ರೇಸ್‌ಗೆ ಎರಡೂವರೆ ಗಂಟೆ ಮೊದಲೇ ತಲುಪುವ ಹಾಗೆ ಹೊರಡಿ. ವಾಪಸ್ ಬರುವಾಗ ಕೊನೆಯ ರೇಸ್ ಮುಗಿದ ತಕ್ಷಣ ಕಾರಿನ ಕಡೆ ಓಡಬೇಡಿ, ಅಲ್ಲೇ ಒಂದು ಗಂಟೆ ಕೂತು ಉಳಿದ ಮೊಸರನ್ನ ತಿಂದು ಹೊರಡಿ.

ರೈಲಿನಲ್ಲಾದರೆ ನಿಲ್ದಾಣದ ಹೆಸರು ಕಾರ್ಕ್ ಅಂಡ್ ಕಾರ್ಟ್‌ಮೆಲ್. ಲ್ಯಾಂಕಾಸ್ಟರ್‌ನಿಂದ ಬ್ಯಾರೋ ಕಡೆ ಹೋಗುವ ದಾರಿ. ಹೋಗುವಾಗ ಎಡಗಡೆ ಕಿಟಕಿ ಹಿಡಿಯಿರಿ. ಆರ್ನ್‌ಸೈಡ್ ದಾಟಿದ ಮೇಲೆ ರೈಲು ಕೆಂಟ್ ನದಿಯ ಅಳಿವೆಯ ಮೇಲೆ, ಸುಮಾರು ಐವತ್ತು ಕಂಬಗಳ ಉದ್ದನೆ ಸೇತುವೆಯಲ್ಲಿ ನಿಧಾನಕ್ಕೆ ಹೋಗುತ್ತದೆ. ಕೆಳಗೆ ನೀರೋ ಮರಳೋ ಗೊತ್ತಾಗದ ಕೊಲ್ಲಿ. ಆ ರೈಲುದಾರಿ 1857ರಲ್ಲಿ ಆಯಿತು, ಅದಕ್ಕೂ ಮೊದಲು ಜನ ಇಳಿತದ ಹೊತ್ತು ನೋಡಿಕೊಂಡು ಕುದುರೆ ಗಾಡಿಯಲ್ಲಿ ಆ ಮರಳಿನ ಮೇಲೇ ದಾಟುತ್ತಿದ್ದರು. ಹೂಳುಮರಳು, ನುಗ್ಗಿ ಬರುವ ಉಬ್ಬರ, ಎಷ್ಟೋ ಜೀವ ಹೋಗಿವೆ. ದಾರಿ ತೋರಿಸಲು ರಾಜರೇ ನೇಮಿಸಿದ ಮಾರ್ಗದರ್ಶಿ ಇರುತ್ತಿದ್ದ, ಆ ಹುದ್ದೆ ಈಗಲೂ ಇದೆ. ದಯವಿಟ್ಟು ನೀವಾಗಿಯೇ ಮರಳಿಗೆ ಇಳಿಯಬೇಡಿ.

ನಿಲ್ದಾಣದಿಂದ ಕೋರ್ಸ್‌ಗೆ ಎರಡು ಮೈಲಿ. ಅಮ್ಮನ ಮಂಡಿಗೆ ಅದು ಆಗುವುದಿಲ್ಲ. ರಜೆ ದಿನ ರೈಲೂ ಕಡಿಮೆ. ನಿಮ್ಮ ಮನೆಯ ಲೆಕ್ಕಕ್ಕೆ ಕಾರೇ ಸರಿ.

ಬಸವನಗುಡಿ ಹುಡುಗ

ಕಟ್ಟುವ ವಿಷಯ. ಮೊದಲು ಎಷ್ಟು ಹೋದರೂ ಪರವಾಗಿಲ್ಲ ಅನ್ನುವ ದುಡ್ಡನ್ನು ಒಂದು ಜೇಬಿನಲ್ಲಿ ಇಟ್ಟುಕೊಳ್ಳಿ. ಅದು ಮುಗಿದರೆ ಮುಗಿಯಿತು. ಇದನ್ನು ನಾನು ಗಂಭೀರವಾಗಿ ಹೇಳುತ್ತಿದ್ದೇನೆ, ರೇಸ್‌ನಿಂದ ಮನೆ ಹಾಳಾದವರನ್ನು ನಾನು ಊರಿನಲ್ಲಿ ಹತ್ತಿರದಿಂದ ನೋಡಿದ್ದೇನೆ.

ಬುಕ್ಕಿಗಳು ಸಾಲಾಗಿ ಬೋರ್ಡ್ ಹಾಕಿಕೊಂಡು ನಿಂತಿರುತ್ತಾರೆ. 5/1 ಅಂತ ಇದ್ದರೆ, ಐದು ಪೌಂಡ್ ಕಟ್ಟಿ ಗೆದ್ದರೆ 25 ಪೌಂಡ್ ಲಾಭ, ಕಟ್ಟಿದ ಐದೂ ವಾಪಸ್. ಒಬ್ಬರ ಬೋರ್ಡಿಗೂ ಪಕ್ಕದವರ ಬೋರ್ಡಿಗೂ ವ್ಯತ್ಯಾಸ ಇರುತ್ತದೆ, ನಾಲ್ಕು ಕಡೆ ನೋಡಿ ಕಟ್ಟಿ. ಈಚ್ ವೇ ಅಂದರೆ ಎರಡು ಪಂದ್ಯ ಸೇರಿಸಿದ್ದು, ಅರ್ಧ ಗೆಲುವಿಗೆ, ಅರ್ಧ ಮೊದಲ ಕೆಲವು ಸ್ಥಾನಕ್ಕೆ. ಐದು ಪೌಂಡ್ ಈಚ್ ವೇ ಅಂದರೆ ಕೊಡಬೇಕಾದದ್ದು ಹತ್ತು. ಒಂಬತ್ತು ಕುದುರೆ ಓಡುತ್ತಿದ್ದು, ನಿಮ್ಮದು 10/1 ಇದ್ದು ಮೂರನೆಯದಾಗಿ ಬಂತು ಅಂತ ಇಟ್ಟುಕೊಳ್ಳಿ. ಗೆಲುವಿನ ಐದು ಹೋಯಿತು. ಸ್ಥಾನದ ಐದಕ್ಕೆ ಐದನೇ ಒಂದು ಭಾಗದ ಲೆಕ್ಕದಲ್ಲಿ 2/1, ಅಂದರೆ ಹತ್ತು ಲಾಭ, ಐದು ವಾಪಸ್, ಒಟ್ಟು ಹದಿನೈದು ಕೈಗೆ.

ಯಾವ ಕುದುರೆ ಅಂತ ಕೇಳಬೇಡಿ, ರೇಸ್ ಕಾರ್ಡ್ ಓದುವುದು ಹೇಳಿಕೊಡುತ್ತೇನೆ. ಹೆಸರಿನ ಮುಂದೆ ಹಿಂದಿನ ಓಟಗಳ ಅಂಕಿ ಇರುತ್ತದೆ, ಬಲತುದಿಯದು ತೀರಾ ಇತ್ತೀಚಿನದು. ಎಫ್ ಅಂದರೆ ಬಿದ್ದದ್ದು, ಯು ಅಂದರೆ ಜಾಕಿ ಕೆಳಗೆ ಬಿದ್ದದ್ದು, ಪಿ ಅಂದರೆ ಅರ್ಧಕ್ಕೆ ನಿಲ್ಲಿಸಿದ್ದು. ಮುಖ್ಯವಾಗಿ ಸಿ ಅನ್ನುವ ಅಕ್ಷರ ಹುಡುಕಿ. ಈ ಕುದುರೆ ಇದೇ ಕೋರ್ಸ್‌ನಲ್ಲಿ ಮೊದಲು ಗೆದ್ದಿದೆ ಅಂತ ಅರ್ಥ. ಬಿಗಿ ತಿರುವು, ಏರು ಇಳಿವು, ಉದ್ದನೆ ಕೊನೆಯ ಓಟ, ಇಷ್ಟೂ ಒಗ್ಗುವ ಕುದುರೆ ಬೇರೆ ಕಡೆ ಸಾಧಾರಣ ಅನಿಸಿದರೂ ಕಾರ್ಟ್‌ಮೆಲ್‌ನಲ್ಲಿ ಬೇರೆಯೇ ಆಗಿರುತ್ತದೆ.

ಚೀಟಿಯನ್ನು ಮಾತ್ರ ಬೇಗ ಎಸೆಯಬೇಡಿ. ರೇಸ್ ಮುಗಿದ ಮೇಲೆ ಜಾಕಿಗಳ ತೂಕ ನೋಡಿ, ವೇಯ್ಡ್ ಇನ್ ಅಂತ ಮೈಕಿನಲ್ಲಿ ಕೂಗುತ್ತಾರೆ. ಅಲ್ಲಿವರೆಗೂ ಫಲಿತಾಂಶ ಬದಲಾಗಬಹುದು.

ಮಂಡ್ಯದ ಗೌರಮ್ಮನ ಮೊಮ್ಮಗಳು

ಅದೇನೋ 1974ರ ಸೋಪಿನ ಪುಡಿ ಕಥೆ ಇದೆಯಲ್ಲ, ಪಕ್ಕದ ಜಮಖಾನದ ಅಜ್ಜಿ ಅದನ್ನೇ ಅರ್ಧ ಗಂಟೆ ಹೇಳಿದ್ದರು. ಮಾವ, ಬರೆಯಿರಿ.

ಲ್ಯಾಂಕಾಸ್ಟರ್ ಮಾವ

ಗೇ ಫ್ಯೂಚರ್ ಅನ್ನುವ ಕುದುರೆ. 1974ರ ಆಗಸ್ಟ್ ರಜೆಯ ಸೋಮವಾರ, ನೀವು ಹೋಗುತ್ತಿರುವ ಅದೇ ಸೋಮವಾರ.

ಐರ್ಲೆಂಡಿನ ಕಾರ್ಕ್ ಕಡೆಯ ಕಟ್ಟಡ ಗುತ್ತಿಗೆದಾರ ಟೋನಿ ಮರ್ಫಿ, ಸ್ಕಾಟ್ಲೆಂಡಿನ ತರಬೇತುದಾರ ಆಂಟನಿ ಕಾಲಿನ್ಸ್, ಇವರ ಗುಂಪು ಹೂಡಿದ ಯೋಜನೆ. ಒಳ್ಳೆ ಕುದುರೆಯನ್ನು ಐರ್ಲೆಂಡಿನಲ್ಲಿ ಗುಟ್ಟಾಗಿ ತಯಾರು ಮಾಡಿದರು. ಕಾಲಿನ್ಸ್ ಲಾಯದಲ್ಲಿ ಅದೇ ಹೆಸರಿನಲ್ಲಿ ಬೇರೊಂದು ಸಾಧಾರಣ ಕುದುರೆ ಇತ್ತು. ಕೊನೆಯ ಹೊತ್ತಿನಲ್ಲಿ ಅದಲು ಬದಲು. ರಿಂಗ್‌ಗೆ ತರುವ ಮೊದಲು ಮೈಗೆ ಸೋಪಿನ ಪುಡಿ ತಿಕ್ಕಿ, ಬೆವರಿ ನೊರೆ ಬಂದು ಹೆದರಿದ ಕುದುರೆಯ ಹಾಗೆ ಕಾಣಿಸಿದರು. ಯಾರೂ ಅದರ ಮೇಲೆ ಕಟ್ಟಲಿಲ್ಲ, ಬುಕ್ಕಿಗಳ ಬೋರ್ಡಿನಲ್ಲಿ ಅದರ ಬೆಲೆ 10/1ಕ್ಕೆ ಹೋಯಿತು.

ಲಂಡನ್ನಿನಲ್ಲಿ ಇವರ ಜನ ಪಂದ್ಯ ಕಟ್ಟುವ ಅಂಗಡಿ ಅಂಗಡಿಗೆ ಹೋಗಿ, ಅನುಮಾನ ಬಾರದ ಹಾಗೆ ಸಣ್ಣ ಸಣ್ಣ ಮೊತ್ತ ಕಟ್ಟಿದ್ದರು. ಅದೂ ಕಾಲಿನ್ಸ್‌ನ ಇನ್ನೆರಡು ಕುದುರೆಗಳ ಜೊತೆ ಜೋಡಿಸಿ. ಆ ಎರಡು ಬೇರೆ ಊರಿನ ರೇಸ್‌ಗಳಲ್ಲಿ ಓಡಬೇಕಿತ್ತು, ಓಡಲೇ ಇಲ್ಲ. ಹಾಗಾಗಿ ಎಲ್ಲ ದುಡ್ಡೂ ಗೇ ಫ್ಯೂಚರ್ ಮೇಲೆ ಬಂದು ಕೂತಿತು. ಅಂಗಡಿಯವರಿಗೆ ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಕೋರ್ಸ್‌ಗೆ ಸುದ್ದಿ ಮುಟ್ಟಿಸಿ ಬೆಲೆ ಇಳಿಸೋಣ ಅಂದರೆ ಫೋನ್ ಸಿಗದು, ರಜೆಯ ಜನಜಂಗುಳಿಯಲ್ಲಿ ರಸ್ತೆ ಕಟ್ಟಿಹೋಗಿತ್ತು. ಇಂಥ ಮೂಲೆಯ ಪುಟ್ಟ ಕೋರ್ಸನ್ನೇ ಆರಿಸಿಕೊಂಡಿದ್ದು ಅದಕ್ಕೇ. ಕುದುರೆ ಹದಿನೈದು ಲೆಂಗ್ತ್, ಅಂದರೆ ಹದಿನೈದು ಕುದುರೆಗಳ ಉದ್ದದಷ್ಟು, ಮುಂದೆ ಬಂದು ಗೆದ್ದಿತು.

ಆಮೇಲೆ ಒಬ್ಬ ಪತ್ರಕರ್ತರು ಲಾಯಕ್ಕೆ ಫೋನ್ ಮಾಡಿದಾಗ, ಆ ಇನ್ನೆರಡು ಕುದುರೆ ಲಾಯ ಬಿಟ್ಟು ಹೊರಟೇ ಇರಲಿಲ್ಲ ಅನ್ನುವುದು ಬಯಲಾಯಿತು. 1976ರಲ್ಲಿ ಪ್ರೆಸ್ಟನ್ ಕೋರ್ಟಿನಲ್ಲಿ, ನಿಮ್ಮೂರಿನಲ್ಲೇ, ಕಾಲಿನ್ಸ್ ಮತ್ತು ಮರ್ಫಿಗೆ ದಂಡ ಬಿತ್ತು. ಇವತ್ತಿಗೂ ಆ ಊರಿನಲ್ಲಿ ಇದು ಮೋಸವೋ ಜಾಣತನವೋ ಅಂತ ವಾದ ಮಾಡುವವರು ಸಿಗುತ್ತಾರೆ. ನನಗೆ ಮೋಸ ಅಂತಲೇ ಅನಿಸುತ್ತದೆ. ಆ ದಿನ ಉಳಿದ ಕುದುರೆಗಳ ಮೇಲೆ ಕಟ್ಟಿದ ಬಡವರೂ ಇದ್ದರಲ್ಲ.

ಬೆಳಿಗ್ಗೆ ಬೇಗ ತಲುಪಿದರೆ ಹಳ್ಳಿಯ ಪ್ರಯರಿ ಚರ್ಚ್, ಅಂದರೆ ಹಳೆಯ ಮಠದ ಚರ್ಚ್, ನೋಡಿ. ಸುಮಾರು 1190ರಲ್ಲಿ ವಿಲಿಯಂ ಮಾರ್ಷಲ್ ಅನ್ನುವ ಸರದಾರ ಕಟ್ಟಿಸಿದ್ದು. ಗೋಪುರದ ಮೇಲಿನ ಭಾಗವನ್ನು ಕೆಳಗಿನದಕ್ಕೆ ಓರೆಯಾಗಿ, ಮೂಲೆ ತಿರುಗಿಸಿ ಕೂರಿಸಿದ್ದಾರೆ. ಕತ್ತೆತ್ತಿ ನೋಡಿ. ಅಮ್ಮನಿಗೆ ಅಲ್ಲಿ ಕೂರಲು ತಂಪು ಜಾಗವೂ ಸಿಗುತ್ತದೆ.

ತುಮಕೂರಿನವಳು

ಹೋಗಿ ಬಂದೆವು! ನಿನ್ನೆ ರಾತ್ರಿ ಒಂಬತ್ತಾಯಿತು ಮನೆ ಸೇರುವಾಗ, ಈಗ ಬರೆಯುತ್ತಿದ್ದೇನೆ.

ಅಪ್ಪ ಮೊದಲ ರೇಸ್‌ಗೆ ಪರೇಡ್ ರಿಂಗ್‌ನಿಂದ ಕದಲಲೇ ಇಲ್ಲ. ಕುದುರೆ ನಡೆಸುವ ಒಂದು ಹುಡುಗಿಯನ್ನು ನೋಡುತ್ತಾ, ಅವಳ ಕೈಯಲ್ಲಿ ಹಗ್ಗ ಸಡಿಲ ಇದೆ ನೋಡು, ಕುದುರೆ ಅವಳನ್ನು ನಂಬಿದೆ ಅಂದರು. ಎರಡನೆಯದಕ್ಕೆ ಬೇಲಿ ಹತ್ತಿರ ಕರ್ಕೊಂಡು ಹೋದೆ. ಮರದ ಆಚೆಯಿಂದ ಸದ್ದು ಬಂತು, ನೆಲ ಅದುರಿತು, ಅಪ್ಪ ನನ್ನ ಕೈ ಹಿಡಿದುಕೊಂಡರು. ಒಂದು ಕುದುರೆ ಮುಗ್ಗರಿಸಿ ಜಾಕಿ ಉರುಳಿದ, ತಕ್ಷಣ ಎದ್ದ, ಕುದುರೆ ಹಾಗೇ ಓಡಿತು. ಅದು ವಾಪಸ್ ಸಿಕ್ಕಿತು ಅಂತ ತಿಳಿಯುವವರೆಗೂ ಅಪ್ಪ ಅಲ್ಲಿಂದ ಬರಲಿಲ್ಲ. ಮಿಕ್ಕ ಐದು ರೇಸ್‌ಗಳನ್ನೂ ಆ ಬೇಲಿಯ ಬಳಿಯೇ ನಿಂತು ನೋಡಿದರು. ಗೆರೆಯ ಹತ್ತಿರ ಹೋಗೋಣ ಅಂದರೆ, ಅಲ್ಲೇನಿದೆ ಅಂದರು. ಬಸವನಗುಡಿಯವರು ಕ್ಷಮಿಸಬೇಕು.

ಐದು ಪೌಂಡ್ ಕಟ್ಟಿದ ಕುದುರೆ ಐದನೆಯದಾಗಿ ಬಂತು. ಅಮ್ಮನಿಗೆ ಗೊತ್ತಾಯಿತು, ಮಗಳು ಹೇಳಿಬಿಟ್ಟಳು. ಅಮ್ಮ ಚರ್ಚಿನಲ್ಲಿ ಅರ್ಧ ಗಂಟೆ ಕೂತಿದ್ದರು, ಗೋಪುರ ನೋಡಿ ಖುಷಿಪಟ್ಟರು. ಮಗಳು ತೊಟ್ಟಿಲಲ್ಲಿ ನಾಲ್ಕು ಸಲ. ಮಡಚುವ ಕುರ್ಚಿ ಹೇಳಿದ್ದಕ್ಕೆ ಅಕ್ಕನಿಗೆ ಸಾವಿರ ಥ್ಯಾಂಕ್ಸ್. ಕಾರ್ ಹೊರಗೆ ತೆಗೆಯಲು ಐವತ್ತು ನಿಮಿಷ ಆಯಿತು, ಕೆಂಡಲ್ ಅಣ್ಣ ಹೇಳಿದ ಹಾಗೆ ಕೂತೇ ಇರಬೇಕಿತ್ತು.

ಅಪ್ಪ ಬರುವ ಮೇ ತಿಂಗಳಿಗೆ ಮತ್ತೆ ವೀಸಾ ಸಿಗುತ್ತದಾ ಅಂತ ಬೆಳಿಗ್ಗೆಯೇ ಕೇಳಿದರು.

ಲ್ಯಾಂಕಾಸ್ಟರ್ ಮಾವ

ಹಗ್ಗ ಸಡಿಲ ಇದ್ದದ್ದನ್ನು ನಾನು ಹದಿನಾಲ್ಕು ವರ್ಷದಲ್ಲಿ ಒಂದು ಸಲವೂ ಗಮನಿಸಿಲ್ಲ. ಮೇ ತಿಂಗಳಿಗೆ ತಂದೆಯವರು ಬಂದರೆ ತಿಳಿಸಿ, ನಾನೂ ಅದೇ ಬೇಲಿಯ ಹತ್ತಿರ ಬರುತ್ತೇನೆ. ಅವರ ಪಕ್ಕ ನಿಂತು ಒಂದು ರೇಸ್ ನೋಡಬೇಕು. ದಿನಾಂಕ ಬಂದ ಕೂಡಲೇ ಇಲ್ಲೇ ಹಾಕುತ್ತೇನೆ.